ಖಾಲಿ ಕಪಾಟುಗಳ ಈಜುಕೊಳ

"ಈಜುಗಾರರು ಕಾಣೆಯಾಗಿದ್ದಾರೆ," ಎಂದರು ನಿರ್ದೇಶಕರು.

ಅವರ ಕೋಣೆಯ ಗೋಡೆ ತುಂಬ ಅಂಕಿಅಂಶಗಳ ಪರದೆ, ಡ್ಯಾಶ್‌ಬೋರ್ಡ್. ಊರಿನ ಈಜುಕೊಳಗಳೆಲ್ಲ ಅದರೊಳಗೆ ಬಣ್ಣಬಣ್ಣದ ಗೆರೆಗಳಾಗಿ ಹರಿಯುತ್ತಿದ್ದವು. ಒಂದು ಗೆರೆ ಮಾತ್ರ ಜಾರಿ ಜಾರಿ ನೆಲ ಹಿಡಿದಿತ್ತು. ಹಳೇ ಕೊಳದ್ದು — ನಮ್ಮ ಅಜ್ಜಿ ಮಂಡಿನೋವಿಗೆಂದು ದಿನಾ ನೀರಲ್ಲಿ ನಡೆಯಲು ಹೋಗುವ ಕೊಳ.

"ವರ್ಷದ ಪಾಸ್ ತಗೊಂಡವರೇ ಬರೋದು ಬಿಟ್ಟಿದ್ದಾರೆ. ಮಧ್ಯಾಹ್ನ ಮಂಡಳಿ ಸಭೆ. ಮುಚ್ಚೋಣ ಅಂತ ಹೇಳದೆ ಬೇರೆ ದಾರಿ ಇಲ್ಲ."

ಚಿಕ್ಕಮ್ಮ ಕನ್ನಡಕ ಮೇಲೇರಿಸಿದಳು. ಅಂಕಿಗಳ ಸುಳ್ಳು ಹಿಡಿಯುವುದೇ ಅವಳ ಕೆಲಸ. ಕಚೇರಿಯಲ್ಲಿ ಅವಳಿಗೆ ಭೂತಗನ್ನಡಿ ಅಂತಲೇ ಹೆಸರು. ನಾನು ಅವಳ ಸಹಾಯಕಿ, ಅಂದರೆ ಕಂಪ್ಯೂಟರ್ ಚೀಲ ಹೊತ್ತು ಹಿಂದೆ ಓಡುವವಳು.

"ಬಂದವರನ್ನ ಹೇಗೆ ಎಣಿಸ್ತೀರಿ?"

"ಬಟ್ಟೆ ಇಡೋ ಕಪಾಟಿಗೆ ಬೀಗ ಬಿದ್ದರೆ ಒಬ್ಬರು ಬಂದ ಹಾಗೆ. ತಾನಾಗೇ ಇಲ್ಲಿ ಮೂಡತ್ತೆ."

ನನಗೆ ಅಜ್ಜಿಯ ಕಥೆಯ ರಾಕ್ಷಸ ನೆನಪಾದ. ಅವನ ಜೀವ ಎಲ್ಲೋ ಗಿಳಿಯೊಳಗೆ. ಈ ಕೊಳದ ಜೀವ ಕಪಾಟಿನೊಳಗೆ.

"ಕೆಳಗೆ ಆ ಸಣ್ಣ ಗೆರೆ?"

"ಅದಾ? ಸಾಬೂನಿನ ಖರ್ಚು. ಅದನ್ನ ಯಾರು ನೋಡ್ತಾರೆ?"

"ಜನ ಇಳಿದಿದ್ದಾರೆ, ಸಾಬೂನು ಏರಿದೆ," ಎಂದಳು ಚಿಕ್ಕಮ್ಮ. "ಕೊಳ ತಾನೇ ಸ್ನಾನ ಮಾಡ್ತಿದೆಯಾ?"

ನಿರ್ದೇಶಕರು ಒಂದು ಕ್ಷಣ ಗೋಡೆ ನೋಡಿದರು. ಆಮೇಲೆ ಕೋಟು ಹಾಕಿಕೊಂಡರು. "ನಡೀರಿ."

ಹಳೇ ಕೊಳದ ಗಾಜಿನ ಬಾಗಿಲು ತಳ್ಳಿದರೆ — ಸಂತೆ. ಕೇಕೆ, ನಗು, ಧುಮುಕುವ ಸದ್ದು. ಕಾಣೆಯಾದವರೆಲ್ಲ ನೀರಲ್ಲಿದ್ದರು.

ಬಾಗಿಲ ಬಳಿಯೇ, ಬಿಸಿಗಾಳಿಯ ಪೆಟ್ಟಿಗೆ ಪಕ್ಕದ ಬೆಂಚಿನಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದಳು. "ಬಂದ್ಯಾ ಪುಟ್ಟಿ? ಹೆಗಲೆಲ್ಲ ಇಳಿಬಿದ್ದಿದೆಯಲ್ಲೇ, ತಾ ಇಲ್ಲಿ," ಎಂದು ನನ್ನನ್ನು ಹಗುರ ಮಾಡಿ ಕೆನ್ನೆ ತಟ್ಟಿದಳು.

ಕೊಳದ ಕಾವಲುಗಾರ ಓಡಿಬಂದ. ಅವನ ಗಂಟಲಿಗೆ ಜನ ಇಟ್ಟ ಹೆಸರು ಗುಡುಗು. ಇವತ್ತು ಆ ಗಂಟಲು ಪಿಸುಗುಟ್ಟುತ್ತಿತ್ತು. "ಮುಚ್ತೀರಂತಲ್ಲ ಸಾರ್?"

"ಬೀಗದ ಎಣಿಕೆ ಕೆಡಿಸಿದ್ದು ನೀವಾ?" ಚಿಕ್ಕಮ್ಮ ಕೇಳಿದಳು.

"ನಾನ್ಯಾಕೆ ಕೆಡಿಸ್ಲಿ? ಜನ ಕಮ್ಮಿ ಅಂದ್ರೆ ಮೊದಲು ಹೋಗೋದು ನನ್ನ ಕೆಲಸಾನೇ ಅಲ್ವಾ? ನನಗೆ ಈಜೋದು, ಕೂಗೋದು ಬಿಟ್ರೆ ಇನ್ನೇನು ಬರತ್ತೆ?"

ಚಿಕ್ಕಮ್ಮ ಒಂದು ಕಪಾಟಿಗೆ ಬೀಗ ಹಾಕಿದಳು. ನಿರ್ದೇಶಕರ ಮೊಬೈಲಿನಲ್ಲಿ ಅಂಕಿ ಒಂದು ಏರಿತು.

"ಯಂತ್ರ ನಿಜಾನೇ ಹೇಳ್ತಿದೆ," ಎಂದಳು.

ಉಳಿದ ಕಪಾಟುಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಒಳಗೆ ಒಂದು ಕರವಸ್ತ್ರವೂ ಇಲ್ಲ.

"ಹಾಗಾದರೆ ಇವರೆಲ್ಲ ಬಟ್ಟೆ ಎಲ್ಲಿಟ್ಟರು?" ನಿರ್ದೇಶಕರು ಕೇಳಿದರು.

ಚಿಕ್ಕಮ್ಮ ನನ್ನತ್ತ ತಿರುಗಿದಳು. "ಪುಟ್ಟಿ, ಕಂಪ್ಯೂಟರ್ ಎಲ್ಲಿ?"

ಹೆಗಲು ಮುಟ್ಟಿ ನೋಡಿಕೊಂಡೆ. ಖಾಲಿ.

"ಕಳ್ಳತನ?" ನಿರ್ದೇಶಕರ ದನಿ ಸಣ್ಣದಾಯಿತು.

"ಯಾರೂ ಕದ್ದಿಲ್ಲ. ಇವಳೇ ಕೊಟ್ಟಳು. ಕೊಟ್ಟದ್ದು ಇವಳಿಗೇ ಗೊತ್ತಾಗಲಿಲ್ಲ, ನಮಗೂ ಕಾಣಲಿಲ್ಲ. ದಿನಾ ಬರೋರಿಗೂ ಇದೇ ಅಭ್ಯಾಸ. ಬಾಗಿಲಲ್ಲೇ ಚೀಲ ಇಸ್ಕೊಳ್ಳೋರು ಇರುವಾಗ ಕಪಾಟು ಯಾರಿಗೆ ಬೇಕು? ನಿಮ್ಮ ಗೆರೆ ಜಾರೋಕೆ ಶುರುವಾಗಿದ್ದು ನಮ್ಮ ಮನೇಲಿ ಒಬ್ಬರಿಗೆ ಮಂಡಿನೋವು ಬಂದ ತಿಂಗಳು. ಅಪರಾಧಿ —" ಚಿಕ್ಕಮ್ಮ ನಿಟ್ಟುಸಿರು ಬಿಟ್ಟಳು. "ನಮ್ಮಮ್ಮ."

ಬೆಂಚಿನ ಹಿಂದೆ ಇಣುಕಿದೆವು. ಚೀಲಗಳ ಗುಡ್ಡ. ತುದಿಯಲ್ಲಿ ನಮ್ಮ ಕಂಪ್ಯೂಟರ್.

"ನೀರಿಂದ ಎದ್ದು ಕಾಲು ಕಾಯಿಸ್ಕೊಂಡು ಸುಮ್ನೆ ಕೂತಿರ್ತೀನಪ್ಪಾ," ಎಂದಳು ಅಜ್ಜಿ. "ಕಪಾಟಿನ ಕೀಲಿಕೈ ಕಟ್ಕೊಂಡು ಈಜೋದು ಯಾರಿಗಿಷ್ಟ? ಚೀಲ ತಗೊಳ್ಳೋವಾಗ ಎರಡು ಮಾತಾಡಿ ಹೋಗ್ತಾರೆ. ಒಂದು ಚೀಲಾನೂ ಅದಲುಬದಲಾಗಿಲ್ಲ, ಕೇಳ್ಕೊಳ್ಳಿ ಬೇಕಾದ್ರೆ."

"ನಿಮ್ಮಿಂದ ಇಡೀ ಕೊಳಾನೇ ಮುಚ್ಚಿಬಿಡ್ತಿದ್ನಲ್ಲಮ್ಮ!"

"ಒಂದ್ಸಲ ಬಂದು ನೋಡೋಕೆ ಏನಾಗಿತ್ತು, ಮಗಾ? ಈ ಮಂಡಿ ಇಟ್ಕೊಂಡು ನಾನೇ ದಿನಾ ಬಸ್ಸಲ್ಲಿ ಬರ್ತೀನಿ."

ಗುಡುಗು ಮೊದಲು ನಕ್ಕ. ಗೋಡೆಯ ಗಡಿಯಾರ ಅಲ್ಲಾಡುವ ಹಾಗೆ. ಆಮೇಲೆ ನಿರ್ದೇಶಕರೂ ತಡೆಯಲಾರದೆ ನಕ್ಕರು. ಕಣ್ಣೊರೆಸಿಕೊಂಡು ಕಚೇರಿಗೆ ಫೋನ್ ಮಾಡಿದರು. "ಹಳೇ ಕೊಳ ಮುಚ್ಚೋ ಮಾತು ಸಭೆಯಲ್ಲಿ ಎತ್ತಬೇಡಿ. ಇನ್ನು ಜನರನ್ನ ಬಾಗಿಲಲ್ಲೇ ಎಣಿಸಿ. ಆ ಸಾಬೂನಿನ ಗೆರೆ ಇದೆಯಲ್ಲ, ಅದನ್ನ ಮೇಲೆ ತನ್ನಿ — ದಪ್ಪಗೆ ಕಾಣೋ ಹಾಗೆ."

ಫೋನ್ ಇಟ್ಟು ನೀರು ನೋಡುತ್ತ ನಿಂತರು. ಮೆಲ್ಲಗೆ ಕೋಟು ಬಿಚ್ಚಿದರು, ಬೂಟು ಬಿಚ್ಚಿದರು, ಪ್ಯಾಂಟು ಮಂಡಿಗೆ ಮಡಚಿದರು.

"ಸಭೆಗಿನ್ನೂ ಹೊತ್ತಿದೆ ಅಲ್ವಾ?"

ಅಜ್ಜಿ ಕೈ ಚಾಚಿದಳು. ಕೋಟು, ಬೂಟು, ಕೊನೆಗೆ ಮೊಬೈಲೂ ಅವಳ ಕೈಗೆ ಬಂತು. ಅದರೊಳಗೆ ಹಳೇ ಕೊಳದ ಗೆರೆ ಇನ್ನೂ ನೆಲ ಹಿಡಿದೇ ಮಲಗಿತ್ತು. ಅಜ್ಜಿ ಅದನ್ನು ಬೋರಲು ಹಾಕಿ, ಮೇಲೆ ಅವರ ಕಾಲುಚೀಲ ಇಟ್ಟಳು.