ಸೀಮೆಸುಣ್ಣದ ಗುರುತು

ಟಾರ್ಪಾಲ್ ಮೂರನೆಯ ಸಲವೂ ವಾಪಸ್ ಬಂದಿತ್ತು. ಹೊಲಿಗೆಯ ಮೇಲೆ ಮತ್ತೆ ಅದೇ ಸೀಮೆಸುಣ್ಣದ ದುಂಡು ಗುರುತು.

ಗುರುತು ಹಾಕಿದವನು ಅದಿರು ಗಣಿಯ ಸ್ಟೋರ್ ನೋಡಿಕೊಳ್ಳುವ ಓಬುಲೇಶ್. ಲಾರಿಗೆ ಹೊದಿಸುವ ಟಾರ್ಪಾಲ್ ಸ್ಥಳೀಯರಿಂದಲೇ ಕೊಳ್ಳೋಣ ಎಂದು ಗಣಿಯವರು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಅಂಗಡಿಯ ದುರ್ಗಾಳಿಗೆ ಟ್ರಯಲ್ ಕೊಟ್ಟಿದ್ದರು. ನಾಳೆ ಸೋಮವಾರ ಹೆಡ್ ಆಫೀಸಿನವರ ಪರೀಕ್ಷೆ. ಫೇಲಾದರೆ ಅವಳ ಜೊತೆ ಹೊಲಿಯುವ ಆರು ಹೆಂಗಸರೂ ಮನೆಗೆ ಹೋಗಬೇಕು.

ದುರ್ಗಾ ಟಾರ್ಪಾಲ್ ಹೊತ್ತುಕೊಂಡು ಬಸ್ ಹತ್ತಿ ಡಿ. ಹಿರೇಹಾಳಿನ ಅವನ ಮನೆಗೇ ಹೋದಳು. ಬೈಯುವುದಕ್ಕೆ.

ಅಂಗಳದಲ್ಲಿ ಅವಳು ಹೊಲಿದ ಇನ್ನೊಂದು ಟಾರ್ಪಾಲನ್ನು ನಾಲ್ಕು ಗೂಟಕ್ಕೆ ಕಟ್ಟಲಾಗಿತ್ತು. ಅವನ ತಾಯಿ ಪಾಲಮ್ಮ ಸ್ಟೂಲ್ ಮೇಲೆ ನಿಂತು ನೀರು ಸುರಿಯುತ್ತಿದ್ದಳು. ಕೆಳಗೆ ನೀಲಿ ಶರ್ಟು ತೊಟ್ಟ ಓಬುಲೇಶ್ ಹನಿ ಎಲ್ಲಿ ಸೋರುತ್ತದೆಂದು ಕತ್ತೆತ್ತಿ ನೋಡುತ್ತ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಕೂತಿದ್ದ.

"ನೀನಾ ದುರ್ಗಾ? ವಾರ ವಾರ ನಿನ್ನ ಸಲುವಾಗಿ ಇಪ್ಪತ್ತು ಬಿಂದಿಗಿ ಹೊರತೀನವ್ವ" ಎಂದಳು ಪಾಲಮ್ಮ. "ಮದುವಿ ಮಾತು ತೆಗದ್ರ ಒಂದು ಗಳಿಗಿ ಕೂಡ್ರಲ್ಲ. ಇದರ ಬುಡಕ ತಾಸುಗಟ್ಟಲೆ ಕೂಡ್ತಾನ."

ಅವನ ಕಿವಿ ಕೆಂಪಾದವು. ದುರ್ಗಾ ಬೈಗುಳ ಮರೆತಳು.

"ಜೀನ್ಸಿಗೆ ಹಾಕಿದಂಗ ಎರಡು ಸಾಲು ಹಾಕೀರಿ. ಗಟ್ಟಿ ಐತ್ರಿ, ಆದ್ರ ನೀರು ಇಳಿಯೋ ಸೂಜಿ ತೂತು ಎರಡರಷ್ಟು" ಎಂದ ಅವನು. "ನಾಳೆ ಅವರು ನೀರಿನ ಪೈಪ್ ಹಿಡಿತಾರ."

"ಬಾಯಿಬಿಟ್ಟು ಹೇಳಾಕ ಏನಾಗಿತ್ರಿ? ಸುಣ್ಣ ಬಳದು ಕಳಿಸಿದ್ರ ನನಗೇನು ಕನಸು ಬೀಳ್ತೈತಾ?"

"ನಿಮ್ಮ ಮುಂದ ಬಂದ್ರ ಬಾಯಿ ಕಟ್ತೈತ್ರಿ."

ಅವಳು ಟಾರ್ಪಾಲಿನ ಅಂಚು ತಿರುವಿ ಹೊಲಿಗೆ ನೋಡಿದಳು. ಇಪ್ಪತ್ತು ವರ್ಷದ ಜೀನ್ಸ್ ಕೈ ಅವಳದು. ಎರಡು ಸಾಲು ತಾನೇ ಬಿದ್ದುಬಿಡುತ್ತಿತ್ತು.

ಸಂಜೆಯೇ ಅಂಗಡಿಗೆ ಮರಳಿ ಆರೂ ಹೆಂಗಸರನ್ನು ಕೂರಿಸಿ ಅಂಚು ಮಡಚಿದಳು, ದಾರಕ್ಕೆ ಮೇಣ ಸವರಿದಳು, ಒಂದೇ ಸಾಲು ಹಾಕಿದಳು.

ಮಂಗಳವಾರ ಓಬುಲೇಶ್ ಅಂಗಡಿಗೆ ಬಂದು ಆರ್ಡರ್ ಕಾಗದ ಮುಂದಿಟ್ಟ. ಪರೀಕ್ಷೆಯಲ್ಲಿ ಒಂದು ಹನಿಯೂ ಇಳಿದಿರಲಿಲ್ಲ. ಹೆಂಗಸರು ಕಾಗದಕ್ಕೆ ಮುಗಿಬಿದ್ದರು. ದುರ್ಗಾ ನೋಡಿದ್ದು ಅವನ ಶರ್ಟನ್ನು. ಎದೆಯ ಮೇಲೆ ಸೀಮೆಸುಣ್ಣದ ದುಂಡು ಗುರುತು.

"ಇದೇನ್ರಿ?"

ಅವನು ನೆಲ ನೋಡಿದ. "ಇಲ್ಲಿ ಸೋರ್ತೈತ್ರಿ. ಭಾಳ ದಿನ ಆತು."

ಹೆಂಗಸರೆಲ್ಲ ಕಾಗದ ಬಿಟ್ಟು ಇತ್ತ ತಿರುಗಿದರು. ದುರ್ಗಾ ನಗು ಕಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದಳು.

"ನಿಮ್ಮವ್ವನ್ನ ಕರ್ಕೊಂಡು ಬರ್ರಿ. ಎಷ್ಟು ಬಿಂದಿಗಿ ತಡೀಬೇಕು ಅಂತ ಕೇಳಿ ಹೊಲಿತೀನಿ."