ನವಿರು ಕೂಡುವ ಗೆರೆ

ಎಂಜಿನ್ ಸದ್ದು ಕೇಳಿದರೇ ಕೂಸುಗಳಿಗೆ ನಿದ್ದೆ ಹತ್ತುವ ಒಂದು ಸೀಮೆಯಲ್ಲಿ, ಪನಾರೊ ನದಿಯ ದಂಡೆಯ ಮೇಲೆ, ಲೆಯಾರ್ಕೊ ಎಂಬ ಮುದುಕನಿದ್ದ. ಅವನ ಕಣ್ಣು ಅಂಗೈಯಲ್ಲಿತ್ತು.

ಹುಟ್ಟಿದಾಗಿನಿಂದ ಹಾಗಲ್ಲ. ಹರೆಯದಲ್ಲಿ ಅವನಷ್ಟು ದೂರ ಕಾಣುವವರೇ ಇರಲಿಲ್ಲವಂತೆ. ಕಾರ್ಖಾನೆಯಿಂದ ಹೊಸದಾಗಿ ಹೊರಬಂದ ರೇಸಿಗೆ ಓಡುವಂಥ ಕಾರುಗಳನ್ನು ಮೊದಲು ಗುಡ್ಡದ ತಿರುವುಗಳಲ್ಲಿ ಓಡಿಸಿ, ಇದು ಸರಿ, ಇದು ಸರಿಯಿಲ್ಲ ಎಂದು ಹೇಳುವುದೇ ಅವನ ಕೆಲಸ. ಆಮೇಲೆ ವಯಸ್ಸಾಯಿತು. ಆ ಬಯಲಿನ ಚಳಿಗಾಲದ ಮಂಜು ಮೆಲ್ಲಗೆ ಅವನ ಕಣ್ಣೊಳಗೂ ಇಳಿಯಿತು. ವಸಂತ ಬಂದಾಗ ಬಯಲಿನ ಮಂಜು ಹೋಯಿತು, ಕಣ್ಣಿನದು ಹೋಗಲಿಲ್ಲ.

ಅವನಿಗೆ ಅಂತ ಉಳಿದದ್ದು ಒಂದು ಕಾರು. ಕಡು ಹಸಿರು, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು, ಎರಡೇ ಸೀಟು. ಸೀಟಿಗೂ ಸ್ಟೀರಿಂಗಿಗೂ ಬೂದುಬಣ್ಣದ ಹೊದಿಕೆ. ಮುಟ್ಟಿದರೆ ಜಿಂಕೆಮರಿಯ ಕಿವಿ ಮುಟ್ಟಿದ ಹಾಗೆ. ದಿನಾ ಬೆಳಗ್ಗೆ ಗ್ಯಾರೇಜಿಗೆ ಹೋಗಿ ಅದರಲ್ಲಿ ಕೂರುತ್ತಿದ್ದ. ಸೀಟಿನ ಮೇಲಿನ ಸಣ್ಣ ಕೂದಲಿನಂಥ ನವಿರನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರುತ್ತಿದ್ದ, ಮಲಗಿದ ನಾಯಿಯ ಬೆನ್ನು ಸವರುವ ಹಾಗೆ. ಬೇರೆ ಯಾರು ಬಾಗಿಲು ತೆರೆದರೂ ಅವನದು ಒಂದೇ ಮಾತು: "ಕೈ ತೊಳ್ಕೊಂಡು ಬಾ."

ಈ ಮುದುಕನಿಗೆ ಒಬ್ಬನೇ ಮಗ, ಎರ್ಮೆಸ್. ಒಂದು ದಿನ ಆ ಮಗ, ಪ್ರೀತಿಯಿಂದಲೇ, ಒಂದು ತಪ್ಪು ಮಾಡಿದ.

ಅದಾದ ಕೆಲವು ದಿನಕ್ಕೆ, ಫೆಬ್ರುವರಿಯ ಮಂಜು ಹೊಸ್ತಿಲ ತನಕ ಬಂದು ನಿಂತಿದ್ದ ಮಧ್ಯಾಹ್ನ ಅವನು ಕಾರನ್ನು ಓರಿಯಾನೊನ ಅಂಗಡಿಗೆ ತಂದ. ಕಾರಿನ ಸೀಟು ಹೊಲಿಯುವ, ಶುಚಿಮಾಡುವ ಅಂಗಡಿ ಅದು. ಮಾಲೀಕ ಊಟಕ್ಕೆ ಹೋಗಿದ್ದ. ಒಳಗೆ, ಅಲ್ಲಿ ಕೆಲಸ ಮಾಡುವ ಡೆಲ್ಫೀನಾ ಒಬ್ಬಳೇ ಹಲ್ಲಲ್ಲಿ ದಾರ ಕಚ್ಚಿಕೊಂಡು ಕೂತಿದ್ದಳು.

"ಸೀಟು ಸ್ವಲ್ಪ ಜಿಡ್ಡಾಗಿದೆ," ಎಂದ ಎರ್ಮೆಸ್, ಡಾಕ್ಟರ ಮುಂದೆ ಕಾಯಿಲೆ ಸಣ್ಣದು ಮಾಡಿ ಹೇಳುವವನ ಹಾಗೆ.

ಅವಳು ಕಾರೊಳಗೆ ಬಗ್ಗಿ ಎಡಗೈ ಬೆರಳ ಬೆನ್ನಿಂದ ಮುಟ್ಟಿದಳು. ನವಿರೆಲ್ಲ ಮಲಗಿಬಿಟ್ಟಿತ್ತು. ಮಳೆಯಲ್ಲಿ ನೆನೆದ ಬೆಕ್ಕಿನ ಮೈ.

"ಏನು ಹಚ್ಚಿದ್ರಿ?"

"ಚರ್ಮಕ್ಕೆ ಹಚ್ಚೋ ಕ್ರೀಮು. ಒಳ್ಳೇದೇ. ಜೇನುಮೇಣ ಇರೋದು."

"ಚರ್ಮ ಎಲ್ಲಿದೆ?"

"ಇದೇ. ಜಿಂಕೇದಲ್ವಾ?"

"ಯಾವ ಕಾಡಿನ ಜಿಂಕೆ ಮಾರಾಯ್ರೇ! ಇದು ನೂಲು. ಕೂದಲಿಗಿಂತ ಸಣ್ಣ ನೂಲು, ಯಂತ್ರದಲ್ಲಿ ಹುಟ್ಟಿದ್ದು. ನೀವು ಬಟ್ಟೆಗೆ ಬೆಣ್ಣೆ ಸವರಿದೀರಿ."

ನಗು ಬಾಯಿತನಕ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡಳು.

"ನಾನು ಚೀಸ್ ಡೈರೀಲಿ ಇರೋನು," ಎಂದ. "ಅಲ್ಲಿ ಚೀಸಿನ ಮೇಲಿನ ಸಿಪ್ಪೆ ಒಣಗಿದ್ರೆ ಎಣ್ಣೆ ಸವರ್ತೀವಿ. ಇದೂ ಒಣಗಿದ ಹಾಗೆ ಕಾಣ್ತು. ಅಪ್ಪನ ಹುಟ್ಟುಹಬ್ಬ ಇತ್ತು, ಖುಷಿಪಡ್ಲಿ ಅಂತ... ಅವರಿಗೆ ಕಣ್ಣು ಕಾಣಲ್ಲ. ಬೆಳಗ್ಗೆ ಬಂದು ಕೂತ್ರು, ಕೈಯಾಡಿಸಿದ್ರು, ಎದ್ದುಬಿಟ್ರು. 'ನನ್ನ ಗಾಡಿ ಮಾರ್ಕೊಂಡು ಬೇರೆ ಯಾವುದನ್ನೋ ತಂದು ನಿಲ್ಸಿದೀಯ, ಕುರುಡನಿಗೇನು ಗೊತ್ತಾಗುತ್ತೆ ಅಂತ' ಅಂದ್ರು. ಅವತ್ತಿಂದ ನನ್ನ ಹತ್ರ ಮಾತಿಲ್ಲ."

"ಅದೇ ಗಾಡಿ ಅಂತ ಹೇಳ್ಲಿಲ್ವಾ?"

"ಬಾಯಲ್ಲಿ ಹೇಳಿದ್ದನ್ನ ನಂಬೋ ಜೀವ ಅಲ್ಲ ಅದು. ಕೈಗೇ ಗೊತ್ತಾಗ್ಬೇಕು."

ಡೆಲ್ಫೀನಾ ಬೆಳೆದದ್ದು ಆರ್ಜಿಯಾ ಅಜ್ಜಿಯ ಮಡಿಲಲ್ಲಿ, ಅಜ್ಜಿಯ ಕಥೆಗಳಲ್ಲಿ. ಆ ಕಥೆಗಳಲ್ಲಿ ಯೋಚಿಸದೆ ಮಾತು ಕೊಟ್ಟ ಹುಡುಗಿಯರು ಕಬ್ಬಿಣದ ಚಪ್ಪಲಿ ಸವೆಯುವ ತನಕ ನಡೆಯಬೇಕಾಗುತ್ತಿತ್ತು. ಅದು ಚೆನ್ನಾಗಿ ಗೊತ್ತಿದ್ದೂ ಅವಳ ಬಾಯಿಂದ ಮಾತು ಬಂದುಬಿಟ್ಟಿತು.

"ಅವರ ಗಾಡೀನ ಅವರ ಕೈಗೆ ವಾಪಸ್ ಕೊಡ್ತೀನಿ."

"ನಾನೂ ಬಂದು ಕೆಲಸ ಮಾಡ್ಲಾ? ಮಧ್ಯಾಹ್ನದ ಮೇಲೆ ನಂಗೆ ಬಿಡುವು."

"ಕೈ ತೋರ್ಸಿ."

ಅವನು ಎರಡೂ ಅಂಗೈ ಚಾಚಿದ. ಅಗಲವಾದ ಕೈ, ಹಾಲಿನ ವಾಸನೆ. ಅವಳು ಗಂಭೀರವಾಗಿ ನೋಡಿ ತಲೆಯಾಡಿಸಿದಳು.

"ಕೈ ತೊಳ್ಕೊಂಡು ಬನ್ನಿ."

ಎರ್ಮೆಸ್ ನಿಂತಲ್ಲೇ ನಿಂತ. ಒಂದು ಗಳಿಗೆ ಅವನು ನಗುತ್ತಾನೋ ಅಳುತ್ತಾನೋ ಅವಳಿಗೆ ತಿಳಿಯಲಿಲ್ಲ.

*

ಕೆಲಸ ನಿಧಾನದ್ದು. ನೀರು ಸುರಿಯುವ ಹಾಗಿಲ್ಲ. ಸುರಿದರೆ ಜಿಡ್ಡು ಇನ್ನಷ್ಟು ಆಳಕ್ಕಿಳಿಯುತ್ತದೆ. ನೊರೆಯನ್ನು ಮೊದಲು ಬಟ್ಟೆಗೆ ತೆಗೆದುಕೊಳ್ಳಬೇಕು, ಬಟ್ಟೆಯನ್ನು ಹಿಂಡಬೇಕು, ಅಂಚಿನಿಂದ ಒಳಕ್ಕೆ ಸವರಬೇಕು. ಒತ್ತಬಾರದು. ನೆರಳಲ್ಲಿ ಒಣಗಲು ಬಿಡಬೇಕು. ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ನವಿರನ್ನು ಎಬ್ಬಿಸಬೇಕು. ಸ್ವಲ್ಪವೇ ಏಳುತ್ತದೆ. ಮರುದಿನ ಮತ್ತೆ ಮೊದಲಿಂದ.

"ಒತ್ಬೇಡಿ ಅಂದ್ನಲ್ಲ."

"ಒತ್ತಿಲ್ಲ."

"ನಿಮ್ಮ ಭುಜ ಒತ್ತೋದು ಕಾಣ್ತಿದೆ. ಮಲಗಿರೋರನ್ನ ಎಬ್ಬಿಸೋದು ಹೇಗೆ? ಹಾಗೆ."

"ನಮ್ಮನೇಲಿ ಕಂಬಳಿ ಎಳೆದು ಎಬ್ಬಿಸ್ತಿದ್ರು."

"ಅದಕ್ಕೇ ಹೀಗಾಗಿದೀರಿ."

ಅವನಿಗೊಂದು ಚಾಳಿಯಿತ್ತು. ಡೈರಿಯಲ್ಲಿ ಗಾಲಿಯಾಕಾರದ ದೊಡ್ಡ ಚೀಸ್ ಗಟ್ಟಿಗಳನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಎಂದು ಹೇಳುವವನು ಅವನು. ಇಲ್ಲೂ ಕೈ ಖಾಲಿಯಾದರೆ ಬಾಗಿಲು, ಡ್ಯಾಶ್‌ಬೋರ್ಡು, ಕೊನೆಗೆ ಅವಳ ಚಹಾದ ಬಟ್ಟಲು, ಎಲ್ಲವನ್ನೂ ಬೆರಳಿಂದ ತಟ್ಟಿ ಕಿವಿಗೊಡುತ್ತಿದ್ದ.

"ಏನನ್ನುತ್ತೆ ಬಟ್ಟಲು?" ಕೇಳಿದಳು ಒಂದು ದಿನ.

"ಒಡತಿ ಸಿಡುಕಿ, ಆದ್ರೆ ಒಳಗೆ ಬಿರುಕಿಲ್ಲ ಅನ್ನುತ್ತೆ."

ಅವಳು ತಲೆ ತಗ್ಗಿಸಿ ಬ್ರಷ್ಷಾಡಿಸಿದಳು. ಕಿವಿ ಕೆಂಪಾದದ್ದನ್ನು ಅವನು ನೋಡಿದ; ಅವನು ನೋಡಿದ್ದನ್ನು ಅವಳು ಕಿಟಕಿಯ ಗಾಜಿನಲ್ಲಿ ನೋಡಿದಳು.

ಮಾರ್ಚ್ ಬರುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಯಾರು ಮೊದಲು ಬಿಟ್ಟರೆಂದು ಇಬ್ಬರಿಗೂ ನೆನಪಿಲ್ಲ. ಆದರೆ ನಗು ಎಷ್ಟೇ ಇದ್ದರೂ ಎರ್ಮೆಸ್ ಹೊರಡುವ ಹೊತ್ತಿಗೆ ಅವನ ಮುಖ ಬಾಡುತ್ತಿತ್ತು. ಮನೆಯಲ್ಲಿ ಅಪ್ಪ ಸೂಪು ಕುಡಿದು, ಬಟ್ಟಲು ಮುಂದಕ್ಕೆ ತಳ್ಳಿ, ಗೋಡೆಯ ಕಡೆ ತಿರುಗಿ ಕೂರುತ್ತಾನೆ. ಮೊನ್ನೆ ಉಪ್ಪು ಬೇಕಾದಾಗ ಪಕ್ಕದ ಮನೆಯವಳನ್ನು ಕೂಗಿ ಕೇಳಿದನಂತೆ.

"ಆಗುತ್ತಲ್ವಾ, ಡೆಲ್ಫೀನಾ?"

"ಆಗುತ್ತೆ."

ಹೇಳುತ್ತಿದ್ದಳು. ಒಳಗೊಳಗೇ ಕಬ್ಬಿಣದ ಚಪ್ಪಲಿ ಭಾರವಾಗುತ್ತಿತ್ತು.

*

ವಸಂತದ ಕೊನೆಗೆ, ಪಾಪ್ಲರ್ ಮರಗಳ ಹತ್ತಿಯಂಥ ಬೀಜ ಗಾಳಿಯಲ್ಲಿ ಹಾರುವ ಕಾಲಕ್ಕೆ, ಸೀಟುಗಳ ನವಿರು ಎದ್ದಿತು. ಉಳಿದದ್ದು ಸ್ಟೀರಿಂಗ್. ಅದರ ಕ್ರೀಮು ಪೂರ್ತಿ ಹೊರಬಂದ ದಿನ ಬ್ರಷ್ಷಾಡಿಸುತ್ತಿದ್ದ ಡೆಲ್ಫೀನಾಳ ಕೈ ಒಂದು ಕಡೆ ನಿಂತಿತು. ಎಡಭಾಗದಲ್ಲಿ, ಒಳಮಗ್ಗುಲಿಗೆ, ಒಂದು ಬೋಳು ಜಾಗ. ಅಲ್ಲಿ ನವಿರು ಮಲಗಿರಲಿಲ್ಲ, ಸವೆದುಹೋಗಿತ್ತು. ಕ್ರೀಮು ಇಷ್ಟು ದಿನ ಅದನ್ನು ತುಂಬಿ ಮುಚ್ಚಿತ್ತು.

ಓರಿಯಾನೊ ಕನ್ನಡಕ ಹಣೆಗೇರಿಸಿ ನೋಡಿದ. "ಹೊಸ ಹೊದಿಕೆ ಹಾಕು. ಬೋಳು ಸ್ಟೀರಿಂಗ್ ಈ ಬಾಗಿಲು ದಾಟಿ ಹೋಗಿಲ್ಲ, ನನ್ನಪ್ಪನ ಕಾಲದಿಂದ."

"ಹಾಕಿಬಿಡೋಣ," ಎಂದ ಎರ್ಮೆಸ್ ತಕ್ಷಣ. "ಎಲ್ಲಾ ಹೊಸದಾದ್ರೆ ಅಪ್ಪನಿಗೆ ಚೆನ್ನಾಗಿರುತ್ತೆ."

"ಬೇಡ," ಎಂದಳು ಡೆಲ್ಫೀನಾ.

"ಯಾಕೆ? ಹರಿದ ಅಂಗಿ ಹಾಕ್ಕೊಂಡ ಹಾಗೆ ಕಾಣಲ್ವಾ?"

"ಯಾರಿಗೆ ಕಾಣೋದು ಎರ್ಮೆಸ್? ನಿನ್ನ ಹೆಬ್ಬೆರಳು ಕೊಡು."

ಅವಳು ಅವನ ಎಡಗೈ ಹಿಡಿದು ಹೆಬ್ಬೆರಳನ್ನು ಆ ಬೋಳು ಜಾಗದ ಮೇಲಿಟ್ಟಳು. ಬೆರಳು ತಾನಾಗಿ ಜಾರಿ ಒಳಗೆ ಕೂತಿತು. ಕೂತ ಮೇಲೂ ಸುತ್ತ ಸ್ವಲ್ಪ ಜಾಗ ಉಳಿಯಿತು.

"ನಿಂದು ಸಾಲಲ್ಲ," ಎಂದಳು ಮೆತ್ತಗೆ. "ಇದಕ್ಕಿಂತ ದೊಡ್ಡದು ಯಾರದ್ದು?"

ಎರ್ಮೆಸ್ ಹೆಬ್ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಅವಳೂ ಅವನ ಕೈ ಬಿಡಲಿಲ್ಲ. ಓರಿಯಾನೊ ಇಬ್ಬರನ್ನೂ ನೋಡಿ, ಕನ್ನಡಕ ಕೆಳಗಿಳಿಸಿ, "ನಾನು ಕಾಫಿಗೆ ಹೋಗಿ ಬರ್ತೀನಿ," ಎಂದು ಹೊರಟ. "ಅಂಗಡಿ ಹೆಸರು ಕೆಟ್ರೆ ನಿನ್ನ ತಲೆ ಮೇಲೆ, ಹುಡುಗೀ."

*

ಕೊನೆಯ ಮಧ್ಯಾಹ್ನ ಕಾವಲಿನ ಕೆಲಸ. ಇನ್ನು ಮುಂದೆ ಜಿಡ್ಡೂ ನೀರೂ ಸುಲಭಕ್ಕೆ ಒಳಗಿಳಿಯದ ಹಾಗೆ ಸಣ್ಣ ಇಬ್ಬನಿಯಂತೆ ಒಂದು ದ್ರವವನ್ನು ಸಿಂಪಡಿಸಿ, ಒಣಗಿಸಿ, ಇನ್ನೊಮ್ಮೆ ಸಿಂಪಡಿಸಿದಳು. ಆಮೇಲೆ ಕಡೆಯ ಬ್ರಷ್ಷು. ಓರಿಯಾನೊನ ಅಂಗಡಿಯ ಪದ್ಧತಿ ಕಟ್ಟುನಿಟ್ಟು: ನವಿರೆಲ್ಲ ಒಂದೇ ದಿಕ್ಕಿಗೆ ನಿಲ್ಲಬೇಕು, ಅದಾದ ಮೇಲೆ ಯಾರೂ ಮುಟ್ಟಬಾರದು. ಮೊದಲ ಕೈಗುರುತು ಒಡೆಯನದೇ ಆಗಬೇಕು.

ಚಾಲಕನ ಸೀಟು ಅವಳು ಮುಗಿಸಿದಳು. ಪಕ್ಕದ ಸೀಟಿಗೆ ಇಬ್ಬರೂ ಕೈಹಾಕಿದರು. ಅವಳದು ಎಡಗೈ, ಅವನದು ಬಲಗೈ. ಅವಳು ಒಂದು ಅಂಚಿನಿಂದ ಬಂದಳು, ಅವನು ಇನ್ನೊಂದು ಅಂಚಿನಿಂದ. ಸೀಟಿನ ನಟ್ಟನಡುವೆ ಎರಡು ಬ್ರಷ್ಷುಗಳೂ ಮುಟ್ಟಿ ನಿಂತವು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು.

"ಮುಗೀತಾ?" ಎಂದ.

"ಮುಗೀತು."

"ಹಾಗಿದ್ರೆ ನಾಳೆ ಅಪ್ಪನ್ನ ಕರ್ಕೊಂಡು ಬಂದ್ರೆ, ಆಮೇಲೆ ನಾನು ಇಲ್ಲಿಗೆ ಬರೋ ಕಾರಣ ಇಲ್ಲ."

ಅವಳು ಏನೋ ಹೇಳಬೇಕೆಂದಿದ್ದಳು. ಅಜ್ಜಿಯ ಕಥೆಗಳಲ್ಲಿ ಈ ಗಳಿಗೆಗೆ ಒಂದು ಹಕ್ಕಿ ಬಂದು ಹುಡುಗಿಯ ಪರವಾಗಿ ಮಾತಾಡುತ್ತಿತ್ತು. ಹೊರಗೆ ಬರೀ ಪಾಪ್ಲರ್ ಹತ್ತಿ ಹಾರುತ್ತಿತ್ತು. ಎರ್ಮೆಸ್ ಕೈ ಒರೆಸಿಕೊಂಡು ಹೋದ.

ಅವನು ಹೋದ ಮೇಲೆ ಅವಳು ಸೀಟು ನೋಡಿದಳು. ಎರಡು ದಿಕ್ಕಿನ ನವಿರು ಕೂಡಿದ ಕಡೆ ಒಂದು ಗೆರೆ ಎದ್ದಿತ್ತು, ಬೈತಲೆಯ ಹಾಗೆ. ಪದ್ಧತಿಯ ಪ್ರಕಾರ ಅದನ್ನು ಅಳಿಸಿ ಎಲ್ಲವನ್ನೂ ಒಂದೇ ಕಡೆಗೆ ತಿರುಗಿಸಬೇಕು. ಬ್ರಷ್ಷೆತ್ತಿದಳು. ಎತ್ತಿದ ಕೈಯನ್ನು ಹಾಗೇ ಇಳಿಸಿದಳು.

*

ಮರುದಿನ ಲೆಯಾರ್ಕೊನನ್ನು ಕರೆತಂದರು. ಕೋಲು ಊರಿ, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಅಂಗಡಿಯ ಅಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತ.

"ಆ ಹುಡುಗನಿಗೆ ಹೇಳಮ್ಮ," ಎಂದ ಡೆಲ್ಫೀನಾಳ ದನಿ ಬಂದ ಕಡೆಗೆ. "ಯಾರದೋ ಗಾಡಿ ಮುಟ್ಟೋ ಅಭ್ಯಾಸ ನಂಗಿಲ್ಲ ಅಂತ."

"ಅವನು ಇಲ್ಲೇ ಇದಾನೆ, ಕೇಳಿಸ್ಕೊಂಡ."

"ನೀನೇ ಹೇಳು."

ಡೆಲ್ಫೀನಾ ಎರ್ಮೆಸ್ ಕಡೆ ತಿರುಗಿ, "ಯಾರದೋ ಗಾಡಿ ಮುಟ್ಟಲ್ವಂತೆ," ಎಂದಳು. ಮತ್ತೆ ಮುದುಕನ ಕಡೆ ತಿರುಗಿದಳು. "ನನ್ನ ಕೆಲಸ ನೋಡ್ತೀರಾ, ತಾತ? ಗಾಡಿ ಯಾರದ್ದಾದ್ರೂ ಆಗ್ಲಿ. ಕೆಲಸ ಹೇಗಿದೆ ಅಂತ ಈ ಊರಲ್ಲಿ ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ?"

ಅದಕ್ಕೆ ಬೇಡವೆನ್ನಲು ಅವನಿಂದಾಗಲಿಲ್ಲ. ಹತ್ತಿರವಿದ್ದದ್ದು ಪಕ್ಕದ ಸೀಟಿನ ಬಾಗಿಲು. ತೆರೆದು, ಬಗ್ಗಿ, ಅಂಗೈಯನ್ನು ಸೀಟಿನ ಮೇಲಿಟ್ಟ. ಒಂದು ಸಲ ಹಿಂದಕ್ಕೆ ಸವರಿದ. ಒಂದು ಸಲ ಮುಂದಕ್ಕೆ. ಹುಬ್ಬು ಗಂಟಾಯಿತು.

"ಇಬ್ಬರು ಉಜ್ಜಿದೀರಿ."

ಅವನ ಅಂಗೈ ಒಂದು ಅಂಚಿಗೆ ಸರಿಯಿತು.

"ಒಬ್ಬರು ಎಡಗೈ. ಯಾರದು?"

"ನಂದು."

"ಕೈ ಹಗುರ ಇದೆ. ಈ ಕಡೆಯವನು ಒತ್ತಿದಾನೆ." ಬೆರಳು ನಡುವಿನ ಗೆರೆಯ ಮೇಲೆ ನಿಂತಿತು. "ಇಲ್ಲಿ ಯಾಕೆ ಹೀಗೆ ಬಿಟ್ಟೆ? ಓರಿಯಾನೊನ ಅಂಗಡಿ ಕೆಲಸ ಇಂಥದ್ದಲ್ಲ."

ಕಥೆಯ ಹಕ್ಕಿ ಈಗಲೂ ಬರಲಿಲ್ಲ. ಡೆಲ್ಫೀನಾ ತಾನೇ ಮಾತಾಡಬೇಕಾಯಿತು.

"ಅಳ್ಸೋಕೆ ಮನಸ್ಸು ಬರ್ಲಿಲ್ಲ, ತಾತ."

ಮಾತು ಮುದುಕನಿಗೆ ಹೇಳಿದ್ದು; ಕಣ್ಣು ಎರ್ಮೆಸ್ ಮೇಲಿತ್ತು.

"ಬೆಳಗ್ಗೆ ಗಾಡೀನ ಹೊರಗೆ ತಳ್ಕೊಂಡು ಬರುವಾಗ ನಾನೂ ನೋಡ್ದೆ," ಎಂದ ಎರ್ಮೆಸ್. "ನೀನು ಮರೆತಿದೀಯ ಅಂದ್ಕೊಂಡೆ. ಅಳಿಸೋಣ ಅಂತ ಬ್ರಷ್ ಹುಡುಕ್ದೆ. ಸಿಕ್ತು. ಆಮೇಲೆ... ನನ್ನಿಂದಲೂ ಆಗ್ಲಿಲ್ಲ, ಡೆಲ್ಫೀನಾ. ನಾಳೆ ಇಲ್ಲಿಗೆ ಬರೋದಕ್ಕೆ ಕಾರಣ ಬೇಕಾ ನಂಗೆ?"

"ಬೇಡ," ಎಂದಳು. "ಸುಮ್ನೆ ಬಾ."

ಮುದುಕ ಇದನ್ನೆಲ್ಲ ಕೇಳಿಸಿಕೊಂಡ. ಕೋಲನ್ನು ಸೀಟಿಗೆ ಒರಗಿಸಿ, ಕಾರಿನ ಮೈಗುಂಟ ಕೈ ಜಾರಿಸುತ್ತ, ಮೂತಿ ಬಳಸಿ, ಇನ್ನೊಂದು ಬದಿಗೆ ನಡೆದ. ಚಾಲಕನ ಬಾಗಿಲು ತೆರೆದ. ಹಳೆಯ ಅಭ್ಯಾಸದಂತೆ ಮೊದಲು ಒಂದು ಕಾಲು, ಆಮೇಲೆ ಸೊಂಟ, ಆಮೇಲೆ ಇನ್ನೊಂದು ಕಾಲು ಒಳಗಿಟ್ಟು ಕೂತ. ಎರಡೂ ಕೈ ಮೇಲೆದ್ದು ಸ್ಟೀರಿಂಗ್ ಹುಡುಕಿದವು.

ಎಡಗೈ ಹೆಬ್ಬೆರಳು ತಡವರಿಸಿತು. ನವಿರಿನ ಮೇಲೆ ಸ್ವಲ್ಪ ಮೇಲಕ್ಕೆ ಹೋಯಿತು, ಸ್ವಲ್ಪ ಕೆಳಕ್ಕೆ ಬಂತು. ಆಮೇಲೆ ಆ ಬೋಳು ಜಾಗಕ್ಕೆ ಇಳಿದು ಕೂತಿತು. ಸುತ್ತ ಒಂದಿಷ್ಟೂ ಜಾಗ ಉಳಿಯಲಿಲ್ಲ.

ಅವನ ಭುಜ ಸಡಿಲಾಯಿತು. ತಲೆ ನಿಧಾನವಾಗಿ ಬಗ್ಗಿ ಹಣೆ ಸ್ಟೀರಿಂಗಿಗೆ ತಾಗಿತು. ಎರ್ಮೆಸ್ ಒಂದು ಹೆಜ್ಜೆ ಮುಂದಿಟ್ಟ, ಬಾಗಿಲಿಗೆ ಕೈ ಚಾಚಿದ.

"ಎರ್ಮೆಸ್," ಎಂದ ಅಪ್ಪ, ತಲೆ ಎತ್ತದೆ. "ಕೈ ತೊಳ್ಕೊಂಡು ಬಾ."