ಅಳಿಸಿದ ಉಸಿರು

"ನನ್ನ ಉಸಿರು ಎಲ್ಲಿ?"

ರೆಕಾರ್ಡಿಂಗ್ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಹೆಗಲಲ್ಲಿ ಗಿಟಾರ್, ಕಣ್ಣಲ್ಲಿ ಕೆಂಡ! ಹಾಡುಗಾರ್ತಿಯ ಈ ಅವತಾರ ಕಂಡು ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆಯುವುದನ್ನೇ ಮರೆತ.

"ಅದನ್ನ ತೆಗೀರಿ ಮೊದ್ಲು! ನಾನು ಬೈಯೋದು ನೆಟ್ಟಗೆ ಕೇಳ್ಬೇಕು!"

ತೆಗೆದ.

ಬಸ್ ನಿಲ್ದಾಣಗಳಲ್ಲಿ, ಮದುವೆ ಮನೆಗಳಲ್ಲಿ, ಯಾರೂ ಕಿವಿಗೊಡದ ಹೋಟೆಲುಗಳಲ್ಲಿ ಹಾಡಿ ಮೇಲೆ ಬಂದವಳು ಅವಳು. ಅಜ್ಜಿಯ ಜೋಗುಳದ ಧಾಟಿಗೆ ತನ್ನದೇ ಮಾತು ಕಟ್ಟಿ ಹಾಡುವವಳು. ಇದು ಅವಳ ಮೊದಲ ಆಲ್ಬಂ, ನಾಳೆಯೇ ಬಿಡುಗಡೆ. ಇವತ್ತು ಕೊನೆಯ ಹಾಡು ಹಾಕಿ ಕೇಳಿದರೆ... 'ನೀ ಬಂದೆ' ಎನ್ನುವ ಮೊದಲು ಅವಳು ಎಳೆದುಕೊಂಡಿದ್ದ ಉಸಿರೇ ಮಾಯ!

"ಅದು... ಸ್ವಲ್ಪ ಗಲೀಜಾಗಿ ಕೇಳ್ತಿತ್ತು. ಕ್ಲೀನ್ ಮಾಡಿದೆ."

"ಗಲೀಜಾ? ಬೇರೆ ಹಾಡಲ್ಲಿ ನಾನು ಕೆಮ್ಮಿದ್ದೂ ಹಾಗೇ ಇದೆ! ತಂತಿ ಕಿರುಗುಟ್ಟಿದ್ದೂ ಇದೆ! ಇದೊಂದೇ ಯಾಕೆ ಚುಚ್ಚಿತು ನಿಮಗೆ?"

ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತತೊಡಗಿದ.

'ಇವನೂ ಅಷ್ಟೇನಾ? ನನ್ನನ್ನು ತಿದ್ದೋಕೆ ಬಂದವರ ಸಾಲಿಗೆ ಇವನೂ ಸೇರಿಬಿಟ್ಟನಾ?' ಕೋಪಕ್ಕಿಂತ ಆ ಯೋಚನೆಯೇ ಹೆಚ್ಚು ನೋಯಿಸಿತು.

"ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ?"

"ಕೇಳೋಕಾಗ್ಲಿಲ್ಲ ರೀ ನನಗೆ!" ಅವನೂ ಸಿಡಿದ. "ಆ ಪಿಟೀಲಿನವನಿಗಾಗಿ ನೀವು ಅಷ್ಟು ಆಸೆಯಿಂದ ಉಸಿರೆಳ್ಕೊಳ್ಳೋದು... ನಾನು ಕೂತು ಕೇಳ್ಬೇಕಾ? ಹೊಟ್ಟೆ ಉರೀತು. ಅಳಿಸಿದೆ!"

ಪಿಟೀಲಿನವನು! ಜೊತೆಯಲ್ಲಿ ಊರೂರು ತಿರುಗಿ, ಅವಳ ಹಾಡುಗಳಿಗೆ ತನ್ನ ಹೆಸರು ಹಾಕಿಕೊಂಡು ಕೈಕೊಟ್ಟು ಹೋದ ಮಹಾನುಭಾವ.

"ಅವನಿಗೆ ಹಾಡು ಬೇರೆ ಕೇಡು! ಅವತ್ತು ಆ ಸಾಲು ಹಾಡ್ತಿರುವಾಗ ಗಾಜಿನಾಚೆ ನೀರಿನ ಲೋಟ ಹಿಡ್ಕೊಂಡು ಬಂದು ನಿಂತಿದ್ದು ಯಾರು?"

"...ನಾನು."

"ಗಂಟಲು ಒಣಗಿದೆ ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ನಿಮ್ಮನ್ನ ನೋಡಿ ಪದಾನೇ ಮರೆತುಹೋಯ್ತು. ಉಸಿರೆಳ್ಕೊಂಡೆ, ಆಮೇಲೆ ಹಾಡಿದೆ." ಅವಳ ದನಿ ನಡುಗಿತು, ಕೋಪಕ್ಕೋ ನಾಚಿಕೆಗೋ. "ಅದನ್ನೇ ಅಳಿಸಿಬಿಟ್ರಲ್ಲ!"

ಅವನ ಮುಖ ಬಿಳಿಚಿಕೊಂಡಿತು. ಯಂತ್ರದತ್ತ ತಿರುಗಿದ. "ಮೂಲ ಇಟ್ಟಿದ್ದೀನಿ. ಈಗ್ಲೇ ವಾಪಸ್ ಹಾಕ್ತೀನಿ..."

"ಬೇಡ! ಅದು ನಿಮಗೆ ಹೇಳದೆ ಎಳೆದ ಉಸಿರು." ಅವಳು ಹೆಗಲ ಚೀಲದಿಂದ ಗಿಟಾರ್ ಹೊರತೆಗೆದು ತಂತಿ ಬಿಗಿಯತೊಡಗಿದಳು. "ಇನ್ನೊಂದ್ಸಲ ಹಾಡ್ತೀನಿ. ಗಾಜಿನಾಚೆ ಅಲ್ಲ, ಇಲ್ಲಿ, ನನ್ನ ಎದುರಿಗೆ ಕೂತ್ಕೊಳ್ಳಿ."

"ಕೋಪ... ಇಳೀತಾ?"

"ಇಲ್ಲ! ಅದಕ್ಕೆ ಒಂದು ಜನ್ಮವೇ ಹಿಡಿಯುತ್ತೆ."

"ಹಿಡೀಲಿ. ನಾನಿರ್ತೀನಿ."

ಅವಳು ಕಣ್ಣೊರೆಸಿಕೊಂಡು ಗದರಿದಳು. "ಮೊದ್ಲು ಹೋಗಿ ರೆಕಾರ್ಡ್ ಒತ್ತಿ... ಆಮೇಲೆ ಬಂದು ಕೂತ್ಕೊ."